ಶ್ರವಣಬೆಳಗೊಳ: ಮೊದಲು ಚಿಕ್ಕಬೆಟ್ಟ, ಆಮೇಲೆ ದೊಡ್ಡಬೆಟ್ಟ

ಪ್ರಶ್ನೆ: ಬರುವ ಡಿಸೆಂಬರಿನಲ್ಲಿ ನಾನು, ನನ್ನ ಪತ್ನಿ, ಒಂಬತ್ತನೆಯ ತರಗತಿಯಲ್ಲಿ ಓದುವ ಮಗಳು ಮತ್ತು ಎಪ್ಪತ್ತೆರಡು ವರ್ಷದ ತಾಯಿಯವರು ಶ್ರವಣಬೆಳಗೊಳಕ್ಕೆ ಹೋಗಬೇಕೆಂದಿದ್ದೇವೆ. ಹಿಂದೆ ಎರಡು ಬಾರಿ ಹೋದಾಗಲೂ ಗೊಮ್ಮಟನನ್ನು ನೋಡಿ, ಊಟ ಮುಗಿಸಿ, ಬೇಲೂರಿನ ದಾರಿ ಹಿಡಿದಿದ್ದೆವು. ಈ ಸಲ ಎರಡು ದಿನ ಬಿಡುವಿದೆ. ಎದುರಿನ ಚಿಕ್ಕಬೆಟ್ಟದಲ್ಲಿಯೂ ಸುತ್ತಲಿನ ಹಳ್ಳಿಗಳಲ್ಲಿಯೂ ನೋಡುವಂಥದ್ದು ಏನಿದೆ? ಯಾವ ಕ್ರಮದಲ್ಲಿ ನೋಡಿದರೆ ಅರ್ಥವಾಗುತ್ತದೆ? ತಾಯಿಯವರಿಗೆ ಬೆಟ್ಟ ಹತ್ತುವುದು ಕಷ್ಟ.

ಉತ್ತರ: ನೀವು ಕ್ರಮವನ್ನು ಕೇಳಿದ್ದು ನನಗೆ ತುಂಬ ಸಂತೋಷ ತಂದಿತು, ಏಕೆಂದರೆ ಬೆಳಗೊಳದಲ್ಲಿ ಹೆಚ್ಚಿನವರು ಎಡವುವುದು ಅಲ್ಲಿಯೇ. ಬಂದವರೆಲ್ಲ ಮೊದಲು ದೊಡ್ಡಬೆಟ್ಟವನ್ನು, ಎಂದರೆ ವಿಂಧ್ಯಗಿರಿಯನ್ನು ಹತ್ತುತ್ತಾರೆ. ಆರು ನೂರಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಹತ್ತಿ ಇಳಿದ ಕಾಲುಗಳಿಗೆ ಇನ್ನೊಂದು ಬೆಟ್ಟ ಬೇಡವೆನಿಸುತ್ತದೆ, ಅಷ್ಟರಲ್ಲಿ ಬಿಸಿಲೂ ಏರಿರುತ್ತದೆ, ಚಿಕ್ಕಬೆಟ್ಟ ಮುಂದಿನ ಸಲಕ್ಕೆಂದು ಉಳಿದುಹೋಗುತ್ತದೆ. ನೀವು ಮೊದಲ ದಿನದ ಬೆಳಗನ್ನು ಚಿಕ್ಕಬೆಟ್ಟಕ್ಕೆ, ಮಧ್ಯಾಹ್ನವನ್ನು ಜಿನನಾಥಪುರಕ್ಕೆ, ಸಂಜೆಯನ್ನು ಊರೊಳಗಿನ ಬಸದಿಗಳಿಗೆ ಮೀಸಲಿಡಿ. ಎರಡನೆಯ ದಿನ ನಸುಕಿನಲ್ಲಿ ದೊಡ್ಡಬೆಟ್ಟವನ್ನು ಹತ್ತಿ, ಊಟದ ನಂತರ ಕಂಬದಹಳ್ಳಿಗೆ ಹೋಗಿ. ಹೀಗೆ ನೋಡಿದರೆ ಈ ಊರು ಬೆಳೆದುಬಂದ ಕ್ರಮದಲ್ಲಿಯೇ ನೀವೂ ನಡೆದಂತಾಗುತ್ತದೆ.

ಕಾರಣವನ್ನು ಹೇಳುತ್ತೇನೆ. ಗಂಗರ ಮಂತ್ರಿಯೂ ಸೇನಾಪತಿಯೂ ಆಗಿದ್ದ ಚಾವುಂಡರಾಯನು ಗೊಮ್ಮಟೇಶ್ವರನನ್ನು ಕಡೆಯಿಸಿದ್ದು ಕ್ರಿ.ಶ. 981ರ ಸುಮಾರಿಗೆ. ಅಷ್ಟು ಹೊತ್ತಿಗಾಗಲೇ ಎದುರಿನ ಚಿಕ್ಕಬೆಟ್ಟವು ಸುಮಾರು ನಾಲ್ಕು ಶತಮಾನಗಳಷ್ಟು ಹಳೆಯದಾದ ತೀರ್ಥವಾಗಿತ್ತು. ಆಗ ಅದಕ್ಕೆ ಚಂದ್ರಗಿರಿ ಎಂಬ ಇಂದಿನ ಹೆಸರಿರಲಿಲ್ಲ. ಕನ್ನಡ ಶಾಸನಗಳು ಅದನ್ನು ಕಳ್ಬಪ್ಪು ಎನ್ನುತ್ತವೆ, ಸಂಸ್ಕೃತ ಶಾಸನಗಳು ಕಟವಪ್ರ ಎನ್ನುತ್ತವೆ. ಆಹಾರವನ್ನು ಹಂತಹಂತವಾಗಿ ತೊರೆದು, ಶಾಂತಚಿತ್ತದಿಂದ ದೇಹವನ್ನು ಬಿಡುವ ಸಲ್ಲೇಖನ ವ್ರತಕ್ಕಾಗಿ ಮುನಿಗಳೂ ಕಂತಿಯರೂ (ಜೈನ ಸನ್ಯಾಸಿನಿಯರೂ) ಗೃಹಸ್ಥರೂ ಈ ಬೋಳು ಬಂಡೆಯನ್ನು ಹುಡುಕಿಕೊಂಡು ಬಂದರು. ಅವರು ಬಿಟ್ಟುಹೋದ ಹೆಸರುಗಳು ಬಂಡೆಯ ಮೇಲೆಯೇ ಇವೆ. ದೊಡ್ಡಬೆಟ್ಟದ ಮೇಲೆ ಅಷ್ಟು ದೊಡ್ಡ ವಿಗ್ರಹವನ್ನು ನಿಲ್ಲಿಸುವ ಆಲೋಚನೆ ಇದೇ ಊರಿನಲ್ಲಿ ಏಕೆ ಹುಟ್ಟಿತೆಂಬುದು ಚಿಕ್ಕಬೆಟ್ಟವನ್ನು ಕಂಡವರಿಗೆ ತಾನಾಗಿ ತಿಳಿಯುತ್ತದೆ.

ಚಿಕ್ಕಬೆಟ್ಟದ ಮೆಟ್ಟಿಲುಗಳು ಸುಮಾರು ಇನ್ನೂರು, ಏರು ಅಷ್ಟೇನೂ ಕಡಿದಲ್ಲ. ಸೂರ್ಯೋದಯವಾದೊಡನೆ, ಬಾಗಿಲು ತೆರೆಯುವ ಹೊತ್ತಿಗೆ, ಮೇಲಿರುವಂತೆ ನೋಡಿಕೊಳ್ಳಿ. ನಾನು ಇಲ್ಲಿಗೆ ಮೊದಲ ಬಾರಿ ಬಂದದ್ದು ವಿದ್ಯಾರ್ಥಿಯಾಗಿದ್ದಾಗ, ಒಂದು ಮಧ್ಯಾಹ್ನ. ನೆತ್ತಿಯ ಮೇಲಿನ ಬಿಸಿಲಿನಲ್ಲಿ ಬಂಡೆಯೆಲ್ಲ ಒಂದೇ ಬಿಳುಪಾಗಿ ಕಾಣುತ್ತಿದ್ದುದರಿಂದ ನಾನು ಶಾಸನಗಳನ್ನು ಹುಡುಕುತ್ತ ಶಾಸನಗಳ ನಡುವೆಯೇ ಅಲೆದಾಡಿದೆ. ಮರುದಿನ ಬೆಳಗ್ಗೆ ಏಳು ಗಂಟೆಗೆ ಹೋದಾಗ ಅದೇ ಬಂಡೆ ಬೇರೆಯಾಗಿತ್ತು. ಓರೆಯಾಗಿ ಬೀಳುವ ಬಿಸಿಲಿಗೆ ಒಂದೊಂದು ಅಕ್ಷರದ ಒಂದು ಅಂಚಿನಲ್ಲಿ ನೆರಳು ನಿಂತು, ಇನ್ನೊಂದು ಅಂಚು ಬೆಳಗಿ, ಪಾರ್ಶ್ವನಾಥ ಬಸದಿಯ ದಕ್ಷಿಣಕ್ಕಿರುವ ಬಂಡೆಯ ಮೇಲೆ ಸಾಲುಸಾಲಾಗಿ ಬರವಣಿಗೆ ಎದ್ದುಬಂದಿತು. ಅಂದಿನಿಂದ ನನ್ನ ವಿದ್ಯಾರ್ಥಿಗಳಿಗೆಲ್ಲ ನಾನು ಹೇಳಿಕೊಂಡು ಬಂದದ್ದು ಇದೊಂದೇ: ಬಿಸಿಲು ಓರೆಯಾಗಿರುವಾಗ ಹೋಗಿ, ಸೂರ್ಯನಿಗೆ ಎದುರಾಗಿ ಕುಳಿತು ಬಂಡೆಯ ಮಟ್ಟಕ್ಕೆ ತಲೆ ತಗ್ಗಿಸಿ ನೋಡಿ. ಅಕ್ಷರ ಕಾಣಲೆಂದು ನೀರು ಸುರಿಯುವುದು, ಸೀಮೆಸುಣ್ಣ ಬಳಿಯುವುದು ಬೇಡ. ಕೆಲವು ಶಾಸನಗಳಿಗೆ ರಕ್ಷಣೆಯ ಚೌಕಟ್ಟುಗಳಿವೆ, ಕೆಲವಕ್ಕೆ ಇಲ್ಲ. ಆದ್ದರಿಂದ ಬಸದಿಗಳ ಮುಂದಿನ ಬಂಡೆಯ ಮೇಲೆ ನಡೆಯುವಾಗ ಕಣ್ಣು ಕೆಳಗಿರಲಿ.

ಈ ಬೆಟ್ಟದ ಅತಿ ಹಳೆಯ ಶಾಸನ ಪಾರ್ಶ್ವನಾಥ ಬಸದಿಯ ದಕ್ಷಿಣದ ಆ ಬಂಡೆಯ ಮೇಲೆಯೇ ಇದೆ. ಕ್ರಿ.ಶ. 600ರ ಸುಮಾರಿನ ಲಿಪಿಯಲ್ಲಿ, ಸಂಸ್ಕೃತ ಗದ್ಯದಲ್ಲಿ ಬರೆದಿರುವ ಅದು ಉಜ್ಜಯಿನಿಯಲ್ಲಿ ಭದ್ರಬಾಹು ಎಂಬ ನಿಮಿತ್ತಜ್ಞಾನಿಯು ಹನ್ನೆರಡು ವರ್ಷಗಳ ಬರಗಾಲವನ್ನು ಮೊದಲೇ ಕಂಡು ಹೇಳಿದುದನ್ನೂ, ಸಂಘವು ದಕ್ಷಿಣದತ್ತ ಹೊರಟುದನ್ನೂ, ಪ್ರಭಾಚಂದ್ರನೆಂಬ ಆಚಾರ್ಯನು ಈ ಬೆಟ್ಟದಲ್ಲಿ ಸಮಾಧಿ ಪಡೆದುದನ್ನೂ, ಕಾಲಕ್ರಮದಲ್ಲಿ ಏಳು ನೂರು ಋಷಿಗಳು ಅದೇ ಹಾದಿ ಹಿಡಿದುದನ್ನೂ ಹೇಳುತ್ತದೆ. ಪರಂಪರೆಯು ಆ ಪ್ರಭಾಚಂದ್ರನನ್ನೇ ಮೌರ್ಯ ಚಂದ್ರಗುಪ್ತನೆಂದು ನಂಬುತ್ತದೆ, ಬೆಟ್ಟಕ್ಕೆ ಚಂದ್ರಗಿರಿ ಎಂಬ ಹೆಸರು ಬಂದದ್ದೂ ಆ ನಂಬಿಕೆಯಿಂದಲೇ. ವಿದ್ವಾಂಸರಲ್ಲಿ ಈ ವಿಷಯವಾಗಿ ಒಮ್ಮತವಿಲ್ಲ. ನಿಮ್ಮ ಮಗಳಿಗೆ ಎರಡನ್ನೂ ಹೇಳಿ. ಶಾಸನದಲ್ಲಿ ಏನಿದೆ, ಅದರ ಮೇಲೆ ಮುಂದಿನವರು ಏನನ್ನು ಕಟ್ಟಿದರು ಎಂಬುದನ್ನು ಬೇರ್ಪಡಿಸಿ ನೋಡುವುದನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಸ್ಥಳ ನನಗೆ ಗೊತ್ತಿಲ್ಲ.

ಆದರೆ ಒಂದೇ ಒಂದು ಶಾಸನವನ್ನು ನೋಡಲು ಸಮಯವಿದ್ದರೆ ನಾನು ನಿಮ್ಮನ್ನು ಕರೆದೊಯ್ಯುವುದು ನಂದಿಸೇನ ಮುನಿಯ ನಿಸಿಧಿಯ, ಎಂದರೆ ಸಲ್ಲೇಖನದ ಸ್ಮಾರಕ ಶಾಸನದ, ಬಳಿಗೆ. ಏಳನೆಯ ಶತಮಾನದ ಕೊನೆಯ ಹೊತ್ತಿನ ಕನ್ನಡ ಪದ್ಯ ಅದು. ‘ಸುರಚಾಪಂಬೋಲೆ ವಿದ್ಯುಲ್ಲತೆಗಳ ತೆಱವೋಲ್ ಮಂಜುವೋಲ್’ ಎಂದು ಆರಂಭವಾಗುತ್ತದೆ. ಕಾಮನಬಿಲ್ಲಿನ ಹಾಗೆ, ಮಿಂಚಿನ ಬಳ್ಳಿಯ ಹಾಗೆ, ಮಂಜಿನ ಹಾಗೆ, ಸಿರಿಯೂ ರೂಪವೂ ಧನವೂ ವೈಭವವೂ ತೋರಿ ಬೇಗನೆ ಕರಗುತ್ತವೆ, ಯಾರಲ್ಲಿಯೂ ನಿಲ್ಲುವುದಿಲ್ಲ ಎಂದುಕೊಂಡು ಆ ಮುನಿ ಸನ್ಯಸನಗೈದು, ಎಂದರೆ ಸಲ್ಲೇಖನ ಕೈಗೊಂಡು, ದೇವಲೋಕಕ್ಕೆ ಸಂದನೆಂಬುದು ಅದರ ಹುರುಳು. ಗಣ ಹಾಕಿ ನೋಡಿದರೆ ಮಹಾಸ್ರಗ್ಧರೆ ಎಂಬ ವೃತ್ತ ತಪ್ಪಿಲ್ಲದೆ ಬರುತ್ತದೆ. ನಮಗೆ ಇಡಿಯಾಗಿ ದೊರೆತಿರುವ ಕನ್ನಡ ಗ್ರಂಥಗಳೆಲ್ಲ ಒಂಬತ್ತನೆಯ ಶತಮಾನದಿಂದ ಈಚಿನವು. ಅವಕ್ಕಿಂತ ಒಂದು ನೂರು ವರ್ಷಕ್ಕೂ ಹಿಂದೆ, ಇಷ್ಟು ಪಳಗಿದ ಕೈಯೊಂದು ಈ ಬೆಟ್ಟದ ಮೇಲೆ ಪದ್ಯ ಬರೆದಿತ್ತು. ಮಗಳು ಶಾಲೆಯಲ್ಲಿ ಛಂದಸ್ಸನ್ನು ಕಲಿಯುತ್ತಿದ್ದರೆ, ಬಂಡೆಯ ಪಕ್ಕದಲ್ಲಿ ಕುಳಿತು ಮೊದಲ ಸಾಲಿಗೆ ಲಘು ಗುರು ಹಾಕಲು ಹೇಳಿ. ಮಂಜು ಎಂಬ ಮಾತು ಅಂದಿನಿಂದ ಇಂದಿನವರೆಗೆ ಒಂದಿಷ್ಟೂ ಬದಲಾಗದೆ ಉಳಿದಿರುವುದನ್ನೂ ತೋರಿಸಿ. ಡಿಸೆಂಬರಿನ ಮುಂಜಾನೆ ಕೆಳಗಿನ ಕಲ್ಯಾಣಿಯ ಮೇಲೆ ಅದೇ ಮಂಜು ನಿಂತಿರುವ ಸಂಭವವೂ ಉಂಟು.

ಒಂದೇ ಪ್ರಾಕಾರದೊಳಗೆ ಹನ್ನೆರಡಕ್ಕೂ ಹೆಚ್ಚು ಬಸದಿಗಳಿವೆ. ಎಲ್ಲವನ್ನೂ ಒಂದೇ ಗಮನದಿಂದ ನೋಡಲು ಹೊರಟರೆ ಯಾವುದೂ ಮನಸ್ಸಿನಲ್ಲಿ ಉಳಿಯುವುದಿಲ್ಲ. ಚಂದ್ರಗುಪ್ತ ಬಸದಿಯ ಮುಂದಿರುವ ಕಲ್ಲಿನ ಜಾಲಂಧ್ರಗಳ, ಎಂದರೆ ಕಿಂಡಿ ಕೊರೆದ ಚಪ್ಪಡಿಗಳ, ಎದುರು ಸಾವಕಾಶವಾಗಿ ನಿಲ್ಲಿ. ಹನ್ನೆರಡನೆಯ ಶತಮಾನದಲ್ಲಿ ದಾಸೋಜನೆಂಬ ಶಿಲ್ಪಿ ತೊಂಬತ್ತು ಸಣ್ಣ ಚೌಕಗಳಲ್ಲಿ ಭದ್ರಬಾಹು ಮತ್ತು ಚಂದ್ರಗುಪ್ತರ ಕಥೆಯನ್ನು ಕೊರೆದಿದ್ದಾನೆ. ಒಂದೊಂದು ಚೌಕವೂ ಅಂಗೈಯಷ್ಟು, ನಡುನಡುವೆ ಬೆಳಕು ಹಾಯುವ ಕಿಂಡಿಗಳು. ಪಕ್ಕದ ಕತ್ತಲೆ ಬಸದಿಯು ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜನು ತನ್ನ ತಾಯಿ ಪೋಚವ್ವೆಗಾಗಿ 1118ರಲ್ಲಿ ಕಟ್ಟಿಸಿದ್ದು. ಹೊರಗಿನ ಬಿಸಿಲಿನಿಂದ ಒಳಗೆ ಹೋದವರು ಕಣ್ಣು ಹೊಂದುವವರೆಗೆ ತಾಳ್ಮೆಯಿಂದ ನಿಲ್ಲಬೇಕು, ಆಗ ಆದಿನಾಥನ ಮೂರ್ತಿ ಮೆಲ್ಲನೆ ಕಾಣತೊಡಗುತ್ತದೆ. ಈ ಬೆಟ್ಟದ ಬಸದಿಗಳಲ್ಲಿ ಅತ್ಯಂತ ಸುಂದರವಾದುದು ಚಾವುಂಡರಾಯನ ಹೆಸರಿನದೆಂಬುದು ನನ್ನ ಅಭಿಪ್ರಾಯ. ಅದರ ಮೇಲಂತಸ್ತಿನ ಪಾರ್ಶ್ವನಾಥನನ್ನು ಪ್ರತಿಷ್ಠೆ ಮಾಡಿಸಿದವನು ಅವನ ಮಗ ಜಿನದೇವಣ.

ಶಾಂತಲೆಯ ಬಸದಿಯನ್ನು ಬಿಟ್ಟುಬರಬೇಡಿ. ವಿಷ್ಣುವರ್ಧನನ ರಾಣಿ 1123ರಲ್ಲಿ ಕಟ್ಟಿಸಿದ ಈ ಬಸದಿಗೆ ಸವತಿಗಂಧವಾರಣ ಎಂದು ಹೆಸರು. ಸವತಿಯರೆಂಬವರಿಗೆ ಮದ್ದಾನೆ ಎಂಬುದು ಅವಳ ಬಿರುದೇ ಆಗಿತ್ತು. ಇದಕ್ಕೆ ಸಂಬಂಧಿಸಿದ ಇನ್ನೊಂದು ಶಾಸನವನ್ನು ಓದಿದಾಗಲೆಲ್ಲ ನನಗೆ ಕೊರಳು ಬಿಗಿಯುತ್ತದೆ. 1131ರಲ್ಲಿ ಶಾಂತಲೆಯು ಶಿವಗಂಗೆಯಲ್ಲಿ ತೀರಿಕೊಂಡಳು. ಆ ಸುದ್ದಿಯನ್ನು ತಾಳಲಾರದೆ ಅವಳ ತಾಯಿ ಮಾಚಿಕಬ್ಬೆ ಬೆಳಗೊಳಕ್ಕೆ ಬಂದು, ಒಂದು ತಿಂಗಳ ಉಪವಾಸದಿಂದ ದೇಹವನ್ನು ಬಿಟ್ಟಳು. ಬೇಲೂರಿನ ಮದನಿಕೆಯರ ನಡುವೆ ನಾವು ಕಲ್ಪಿಸಿಕೊಳ್ಳುವ ಶಾಂತಲೆಗಿಂತ, ತಾಯಿಯೊಬ್ಬಳ ಮಗಳಾಗಿ ಇಲ್ಲಿ ಕಾಣುವ ಶಾಂತಲೆ ನನಗೆ ಹೆಚ್ಚು ಹತ್ತಿರದವಳು.

ಪ್ರಾಕಾರದ ದಕ್ಷಿಣದ ಬಾಗಿಲ ಬಳಿಯ ಕೂಗೆ ಬ್ರಹ್ಮದೇವರ ಕಂಬವು ಗಂಗರ ಮಾರಸಿಂಹನ ನೆನಪಿನದು. ಅವನೂ ಕ್ರಿ.ಶ. 974ರಲ್ಲಿ ಬಂಕಾಪುರದಲ್ಲಿ ಅಜಿತಸೇನಾಚಾರ್ಯರ ಸನ್ನಿಧಿಯಲ್ಲಿ ಸಲ್ಲೇಖನದಿಂದ ಪ್ರಾಣ ಬಿಟ್ಟವನು. ಸ್ವಲ್ಪ ದೂರದಲ್ಲಿ ತಲೆಯಿಂದ ಮೊಣಕಾಲಿನವರೆಗೆ ಮಾತ್ರ ರೂಪುಗೊಂಡು ನಿಂತಿರುವ ಭರತೇಶ್ವರನ ಮೂರ್ತಿ ಇದೆ. ಬಂಡೆಯಿಂದ ವಿಗ್ರಹ ಹೇಗೆ ಹೊರಬರುತ್ತದೆಂಬುದು ಈ ಅರೆಗೆಲಸದಲ್ಲಿ ಚೆನ್ನಾಗಿ ತಿಳಿಯುವುದರಿಂದ, ದೊಡ್ಡಬೆಟ್ಟಕ್ಕೆ ಹೋಗುವ ಮುನ್ನ ಇದನ್ನು ನೋಡಿರುವುದು ಒಳ್ಳೆಯದು. ಇಳಿಯುವ ಮೊದಲು ಒಮ್ಮೆ ದಕ್ಷಿಣಕ್ಕೆ ತಿರುಗಿ. ಎದುರಿನ ಬೆಟ್ಟದ ಗೋಡೆಗಳ ಮೇಲೆ ಗೊಮ್ಮಟನ ತಲೆಯೂ ಹೆಗಲೂ ಕಾಣುತ್ತವೆ, ಅವನ ಮುಖ ಉತ್ತರಕ್ಕೆ, ಎಂದರೆ ನೀವು ನಿಂತಿರುವ ಬೆಟ್ಟದ ಕಡೆಗೇ ಇದೆ. ಚಾವುಂಡರಾಯನು ಇಲ್ಲಿಂದ ಬಾಣ ಬಿಟ್ಟಾಗ ಅಲ್ಲಿ ಗೊಮ್ಮಟ ಕಾಣಿಸಿಕೊಂಡನೆಂಬ ಸ್ಥಳಪುರಾಣವನ್ನು ಈ ನೋಟವೇ ಹುಟ್ಟಿಸಿರಬೇಕು.

ಚಿಕ್ಕಬೆಟ್ಟದ ಉತ್ತರದ ಬುಡದಲ್ಲಿ ಜಿನನಾಥಪುರವಿದೆ. ಗಂಗರಾಜನು 1117ರ ಸುಮಾರಿಗೆ ನೆಲೆಗೊಳಿಸಿದ ಊರು ಅದು. ವಾಹನ ಹೋಗುವುದರಿಂದ ತಾಯಿಯವರನ್ನೂ ಕರೆದುಕೊಂಡು ಹೋಗಬಹುದು. ಅಲ್ಲಿಯ ಶಾಂತಿನಾಥ ಬಸದಿಯನ್ನು 1200ರ ಸುಮಾರಿಗೆ ಕಟ್ಟಿಸಿದವನು ದಂಡನಾಯಕ ರೇಚಣ. ಬಸದಿಗಳ ಹೊರಗೋಡೆ ಸಾಮಾನ್ಯವಾಗಿ ಸಾದಾ ಆಗಿರುತ್ತದೆ, ಅಲಂಕಾರವೆಲ್ಲ ಒಳಗಿನ ಕಂಬಗಳಲ್ಲಿಯೂ ಚಾವಣಿಯ ಭುವನೇಶ್ವರಿಯಲ್ಲಿಯೂ ಇರುತ್ತದೆ. ಇಲ್ಲಿ ಮಾತ್ರ ಬೇಲೂರು, ಹಳೇಬೀಡಿನ ದೇವಾಲಯಗಳ ಹಾಗೆ ಹೊರಗೋಡೆಯ ಸುತ್ತಲೂ ಜಿನರು, ಯಕ್ಷ ಯಕ್ಷಿಯರು, ಸರಸ್ವತಿ, ಮದ್ದಳೆ ಬಾರಿಸುವವರು, ನರ್ತಕಿಯರು ತುಂಬಿದ್ದಾರೆ. ನೀವು ಮುಂಚೆ ಬೇಲೂರನ್ನು ನೋಡಿರುವುದರಿಂದ ಹೋಲಿಸಿ ನೋಡುವ ಸಂತೋಷ ನಿಮಗೆ ಸಿಗುತ್ತದೆ. ಮನೆಗಳ ನಡುವೆ ನಿಂತಿರುವ ಬಸದಿ ಅದು. ಬಾಗಿಲು ಹಾಕಿದ್ದರೆ ಅಕ್ಕಪಕ್ಕದ ಮನೆಯವರನ್ನು ವಿನಯದಿಂದ ಕೇಳಿ, ಬೀಗದ ಕೈ ಯಾರಲ್ಲಿದೆಯೆಂದು ಹೇಳುತ್ತಾರೆ.

ಸಂಜೆಯ ಊರ ಸುತ್ತಾಟ ತಾಯಿಯವರಿಗೆಂದೇ ಇರಲಿ, ಏಕೆಂದರೆ ಇಲ್ಲಿ ಹತ್ತುವ ಶ್ರಮವಿಲ್ಲ. ಎರಡು ಬೆಟ್ಟಗಳ ನಡುವಿನ ಕಲ್ಯಾಣಿಯೇ ಬೆಳ್ಗೊಳ, ಊರಿಗೆ ಹೆಸರು ಕೊಟ್ಟ ಬಿಳಿಯ ಕೊಳ. ಹೊಯ್ಸಳ ನರಸಿಂಹನ ಭಂಡಾರಿ ಹುಳ್ಳನು 1159ರಲ್ಲಿ ಕಟ್ಟಿಸಿದ ಭಂಡಾರಿ ಬಸದಿಯಲ್ಲಿ ಇಪ್ಪತ್ತನಾಲ್ಕು ತೀರ್ಥಂಕರರು ಒಂದೇ ಸಾಲಿನಲ್ಲಿ ನಿಂತಿದ್ದಾರೆ. ಅಲ್ಲಿರುವ 1368ರ ಶಾಸನದ ವಿಷಯವನ್ನು ನಾನು ಪ್ರತಿ ಸಲವೂ ಬಿಡದೆ ಹೇಳುತ್ತೇನೆ. ಜೈನರಿಗೂ ಶ್ರೀವೈಷ್ಣವರಿಗೂ ವ್ಯಾಜ್ಯ ಬಂದು, ಜೈನರು ವಿಜಯನಗರದ ಬುಕ್ಕರಾಯನಲ್ಲಿ ದೂರಿಕೊಂಡಾಗ, ಅರಸನು ಜೈನರ ಕೈಯನ್ನು ವೈಷ್ಣವರ ಕೈಯಲ್ಲಿ ಇರಿಸಿ, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ತೀರ್ಪಿತ್ತನು. ತೀರ್ಪು ಮಾತಿನಲ್ಲಿಯೇ ಮುಗಿಯಲಿಲ್ಲ. ಜೈನರ ಮನೆಗೆ ವರ್ಷಕ್ಕೊಂದು ಹಣದಂತೆ (ಹಣವೆಂದರೆ ಅಂದಿನ ಒಂದು ನಾಣ್ಯ) ಎತ್ತಿ, ಬೆಳಗೊಳದ ದೇವರಿಗೆ ಇಪ್ಪತ್ತು ಜನ ಕಾವಲಿನವರನ್ನು ನೇಮಿಸಬೇಕೆಂದೂ, ಉಳಿದ ಹಣದಲ್ಲಿ ಜೀರ್ಣವಾದ ಬಸದಿಗಳಿಗೆ ಸುಣ್ಣ ಬಳಿಯಿಸಬೇಕೆಂದೂ ಏರ್ಪಾಟಾಯಿತು. ಆ ಹೊಣೆಯನ್ನು ವಹಿಸಿದ್ದು ತಿರುಮಲೆಯ ತಾತಯ್ಯ ಎಂಬ ವೈಷ್ಣವರಿಗೆ. ಸುಣ್ಣದ ಲೆಕ್ಕದವರೆಗೂ ಇಳಿದು ಬಂದಿರುವುದರಿಂದಲೇ ಆ ತೀರ್ಪಿನ ಮೇಲೆ ನನಗೆ ಗೌರವ. ಅಲ್ಲಿಂದ ಅಕ್ಕನ ಬಸದಿ ಹತ್ತಿರ. ವೀರಬಲ್ಲಾಳನ ಮಂತ್ರಿ ಚಂದ್ರಮೌಳಿಯ ಪತ್ನಿ ಆಚಿಯಕ್ಕ 1181ರಲ್ಲಿ ಕಟ್ಟಿಸಿದ್ದು. ಗಂಡ ಶೈವ, ಹೆಂಡತಿ ಜೈನಳು; ಬಸದಿಗೆ ಊರೊಂದನ್ನು ದತ್ತಿಯಾಗಿ ಬೇಡಿ ಕೊಡಿಸಿದವನು ಆ ಗಂಡನೇ. ಕಡೆದು ಹೊಳಪಿಟ್ಟ ನವರಂಗದ, ಎಂದರೆ ನಡುಮಂಟಪದ, ಕಂಬಗಳಲ್ಲಿ ಸಂಜೆಯ ದೀಪ ಪ್ರತಿಬಿಂಬಿಸುತ್ತದೆ. ಸಮಯ ಮಿಕ್ಕರೆ ಜೈನ ಮಠದ ಗೋಡೆಯ ಚಿತ್ರಗಳನ್ನೂ ನೋಡಿ.

ಎರಡನೆಯ ದಿನ ದೊಡ್ಡಬೆಟ್ಟ. ಪಾದರಕ್ಷೆಯನ್ನು ಕೆಳಗೇ ಬಿಡಬೇಕು. ಹತ್ತು ಗಂಟೆಯ ನಂತರ ಬಂಡೆ ಕಾಯುವುದರಿಂದ, ಬೆಳಗಿನ ತಂಪಿನಲ್ಲಿಯೇ ಹತ್ತಿ ಇಳಿಯುವುದು ಸರಿ. ದಪ್ಪನೆಯ ಕಾಲುಚೀಲಗಳನ್ನು ಇಟ್ಟುಕೊಂಡಿರಿ. ತಾಯಿಯವರಿಗೆ ಗೊಮ್ಮಟನ ದರ್ಶನದ ಆಸೆಯಿದ್ದರೆ ಡೋಲಿಯ ವ್ಯವಸ್ಥೆಯಿದೆ. ದರವನ್ನು ಮೊದಲೇ ಕೇಳಿ ಒಪ್ಪಿಕೊಳ್ಳಿ, ಇಳಿಯುವಾಗ ಹೊರುವವರು ಅವಸರ ಮಾಡದಂತೆ ನೀವು ಜೊತೆಯಲ್ಲಿಯೇ ಇರಿ. ಹೃದಯದ ತೊಂದರೆಯೋ ಮಂಡಿನೋವೋ ಇರುವವರು ಒಂದೇ ಉಸಿರಿನಲ್ಲಿ ಹತ್ತಬಾರದು.

ನೀವು ಗೊಮ್ಮಟನನ್ನು ಎರಡು ಬಾರಿ ನೋಡಿದವರು, ಆದುದರಿಂದ ಐವತ್ತೆಂಟು ಅಡಿಯ ಆ ಮೂರ್ತಿಯ ವಿಷಯವನ್ನು ನಾನು ಬೆಳೆಸುವುದಿಲ್ಲ. ಈ ಸಲ ಪಾದಗಳ ಎರಡೂ ಬದಿಯಲ್ಲಿರುವ ಕಿರುಶಾಸನಗಳನ್ನು ನೋಡಿ. ‘ಶ್ರೀ ಚಾವುಂಡರಾಜಂ ಮಾಡಿಸಿದಂ’ ಎಂಬ ಒಂದೇ ಮಾತು ಕನ್ನಡದಲ್ಲಿ, ತಮಿಳಿನಲ್ಲಿ, ನಾಗರಿ ಲಿಪಿಯ ಮರಾಠಿಯಲ್ಲಿ ಇದೆ. ‘ಕರವಿಯಲೆ’ ಎಂಬ ಕ್ರಿಯಾಪದವಿರುವ ಆ ಸಾಲು ಮರಾಠಿಯ ಬಹು ಹಳೆಯ ಬರಹಗಳಲ್ಲೊಂದು. ಜೊತೆಯ ಇನ್ನೊಂದು ಬರಹವು ಸುತ್ತಾಲಯವನ್ನು, ಎಂದರೆ ವಿಗ್ರಹದ ಸುತ್ತಲಿನ ಕಟ್ಟಡವನ್ನು, ಗಂಗರಾಜನು ಮಾಡಿಸಿದನೆಂದು ಹೇಳುತ್ತದೆ. ದಾರಿಯಲ್ಲಿರುವ ತ್ಯಾಗದ ಬ್ರಹ್ಮದೇವರ ಕಂಬದ ಬಳಿಯೂ ನಿಲ್ಲಿ. ಅದರ ಮೇಲೆ ಚಾವುಂಡರಾಯನ ಸಾಹಸಗಳನ್ನು ಹೇಳುವ ದೀರ್ಘ ಶಾಸನವೊಂದು ಇತ್ತು. 1200ರ ಸುಮಾರಿಗೆ ಹೆಗ್ಗಡೆ ಕಣ್ಣನೆಂಬವನು ತನ್ನ ಎರಡೂವರೆ ಸಾಲು ಬರೆಯಿಸುವುದಕ್ಕಾಗಿ ಅದರ ಮೂರು ಮುಖಗಳನ್ನು ಅಳಿಸಿಬಿಟ್ಟ. ಉಳಿದದ್ದು ಉತ್ತರದ ಮುಖ ಒಂದೇ. ಗೊಮ್ಮಟನನ್ನು ಮಾಡಿಸಿದವನ ಜೀವನದ ವಿವರಗಳಿಗಾಗಿ ನಾವು ಇಂದಿಗೂ ತಡಕಾಡುತ್ತಿರುವುದಕ್ಕೆ ಆ ಮೂರು ಮುಖಗಳ ನಷ್ಟವೂ ಒಂದು ಕಾರಣ. ಬಂಡೆಗಳ ಮೇಲೆ ಹೆಸರು ಕೆತ್ತುವವರನ್ನು ಕಂಡಾಗ ನನಗೆ ಈ ಕಂಬ ನೆನಪಾಗುತ್ತದೆ, ಹಾಗೆ ಮಾಡುವವರನ್ನು ತಡೆಯಲು ನಾನು ಎಂದೂ ಸಂಕೋಚಪಡುವುದಿಲ್ಲ.

ಮಧ್ಯಾಹ್ನ ಕಂಬದಹಳ್ಳಿಗೆ ಹೊರಡಿ. ಬೆಳಗೊಳದಿಂದ ಸುಮಾರು 18 ಕಿ.ಮೀ. ದೂರ, ಮಂಡ್ಯ ಜಿಲ್ಲೆಯ ನಾಗಮಂಗಲ ತಾಲ್ಲೂಕಿಗೆ ಸೇರಿದ ಹಳ್ಳಿ. ಹೆಸರಿಗೆ ಕಾರಣವಾದ ಕಂಬ ದೂರದಿಂದಲೇ ಕಾಣುತ್ತದೆ, ಅದರ ತುದಿಯಲ್ಲಿ ಬ್ರಹ್ಮದೇವ ಯಕ್ಷ ಕುಳಿತಿದ್ದಾನೆ. ಪಂಚಕೂಟ ಬಸದಿಯು ಗಂಗರ ಕಾಲದ್ದು, ಎಂದರೆ ಗೊಮ್ಮಟನನ್ನು ಕಡೆದ ಕಾಲಕ್ಕೆ ಹತ್ತಿರದ್ದು. ಒಂದೇ ನವರಂಗಕ್ಕೆ ತೆರೆಯುವ ಮೂರು ಗರ್ಭಗುಡಿಗಳ ಶಿಖರಗಳು ಮೂರು ಆಕಾರದಲ್ಲಿವೆ. ಒಂದು ಚೌಕ, ಒಂದು ಎಂಟು ಮೂಲೆಯದು, ಒಂದು ದುಂಡು. ಶಿಲ್ಪಶಾಸ್ತ್ರವು ನಾಗರ, ದ್ರಾವಿಡ, ವೇಸರ ಎಂದು ಹೆಸರಿಸುವ ಭೇದವನ್ನು ಒಂದೇ ಅಂಗಳದಲ್ಲಿ ನಿಂತು ಬೆರಳಿಟ್ಟು ತೋರಿಸಬಹುದಾದ ಇಂಥ ಸ್ಥಳಗಳು ಕಡಿಮೆ. ಒಳಗೆ ತಲೆಯೆತ್ತಿ ನೋಡಿದರೆ ನಡುವೆ ಜಿನ, ಸುತ್ತ ತಮ್ಮ ತಮ್ಮ ವಾಹನಗಳ ಮೇಲೆ ಅಷ್ಟದಿಕ್ಪಾಲರು. ಹೊಯ್ಸಳರ ಕುಸುರಿಗೆ ಹೊಂದಿಕೊಂಡ ಕಣ್ಣಿಗೆ ಗಂಗರ ಕೆಲಸ ಮೊದಲು ಸಪ್ಪೆಯೆನಿಸಬಹುದು. ಹತ್ತು ನಿಮಿಷ ಕುಳಿತು ನೋಡಿ, ಆ ದುಂಡನೆಯ, ತುಂಬಿದ ಮೈಕಟ್ಟಿನ ಸೊಗಸು ತಿಳಿಯುತ್ತದೆ. ಜನಸಂದಣಿ ಇಲ್ಲದ ಈ ಅಂಗಳದಲ್ಲಿ ತಾಯಿಯವರು ಮೆಟ್ಟಿಲು ಹತ್ತದೆಯೇ ಎಲ್ಲವನ್ನೂ ನೋಡಬಹುದು.

ಹೊರಡುವ ಮುನ್ನ ಮಾಡಿಕೊಳ್ಳಬೇಕಾದ ಸಿದ್ಧತೆ ಹೆಚ್ಚಿಲ್ಲ. ಬೆಳಗೊಳದ ಶಾಸನಗಳನ್ನು ಬಿ.ಎಲ್. ರೈಸ್ 1889ರಲ್ಲಿ ಪ್ರಕಟಿಸಿದಾಗ ಅವು 144 ಇದ್ದವು, ಆರ್. ನರಸಿಂಹಾಚಾರ್ಯರು 1923ರಲ್ಲಿ ಅವನ್ನು 500ಕ್ಕೆ ಏರಿಸಿದರು. 1973ರ ಪರಿಷ್ಕೃತ ಸಂಪುಟದಲ್ಲಿ 573 ಇವೆ, ಅವುಗಳಲ್ಲಿ 271 ಚಿಕ್ಕಬೆಟ್ಟದವೇ. ಎಪಿಗ್ರಾಫಿಯ ಕರ್ನಾಟಿಕ ಎಂಬ ಶಾಸನ ಗ್ರಂಥಮಾಲೆಯ ಆ ಎರಡನೆಯ ಸಂಪುಟ ದೊಡ್ಡ ಗ್ರಂಥಾಲಯಗಳಲ್ಲಿ ಸಿಗುತ್ತದೆ. ನಂದಿಸೇನನ ಪದ್ಯವನ್ನೂ ಮಾಚಿಕಬ್ಬೆಯ ಶಾಸನವನ್ನೂ ಬುಕ್ಕರಾಯನ ತೀರ್ಪನ್ನೂ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ, ಮಗಳ ಕೈಯಲ್ಲಿಯೇ ಬರೆಯಿಸಿದರೆ ಇನ್ನೂ ಒಳ್ಳೆಯದು. ಬೆಂಗಳೂರು–ಹಾಸನ ರೈಲು ಮಾರ್ಗದಲ್ಲಿ ಶ್ರವಣಬೆಳಗೊಳಕ್ಕೆ ನಿಲ್ದಾಣವಿದ್ದರೂ, ಹಳ್ಳಿಗಳನ್ನು ನೋಡಲು ಸ್ವಂತ ವಾಹನವೋ ಬಾಡಿಗೆ ಕಾರೋ ಬೇಕಾಗುತ್ತದೆ. ಬೆಂಗಳೂರಿನ ಕಡೆಗೆ ಹಿಂದಿರುಗುವವರಾದರೆ ಕಂಬದಹಳ್ಳಿಯಿಂದ ಮತ್ತೆ ಬೆಳಗೊಳಕ್ಕೆ ಬರಬೇಕಿಲ್ಲ. ಬೆಳ್ಳೂರು ಕ್ರಾಸಿನ ಕಡೆಗೆ ಹೋಗಿ ಹೆದ್ದಾರಿ ಸೇರಬಹುದು.